ರೋಸ್ಟ್ ಮುಚ್ಚಿಡಲಿಕ್ಕೆ ಆಗೋದಿಲ್ಲ ಸ್ವಾಮಿ!

ಕೇರಳದ ಹೋಟೆಲ್ ಬೋರ್ಡುಗಳಲ್ಲಿ ‘ಬೀಫ್ ರೋಸ್ಟ್’ ಅಂತ ಬರೆದಿರುತ್ತಲ್ಲ, ಅದಕ್ಕೂ ಓವನ್ನಿಗೂ ಯಾವ ಸಂಬಂಧವೂ ಇಲ್ಲ. ಸಣ್ಣ ತುಂಡು ಮಾಡಿ, ಬೇಯಿಸಿ, ಈರುಳ್ಳಿ, ಮೆಣಸು, ಕರಿಬೇವು ಹಾಕಿ ಬಾಣಲೆಯಲ್ಲಿ ಕಪ್ಪಗಾಗುವ ತನಕ ಬಾಡಿಸಿದ್ದು ಅದು. ನಾವು ಗರಿಗರಿ ದೋಸೆಗೂ ‘ರೋಸ್ಟ್’ ಅಂತೀವಲ್ಲ, ಹಾಗೆ ಇದೂ ಒಂದು ಹೆಸರು ಅಷ್ಟೆ. ನಾನು ಈಗ ಬರೆಯಹೊರಟಿರುವುದು ಇನ್ನೊಂದರ ಬಗ್ಗೆ. ಪಕ್ಕೆಲುಬಿನ ಸಮೇತ ಇಡೀ ತುಂಡನ್ನು ಮನೆಯ ಓವನ್ನಿನಲ್ಲಿಟ್ಟು ಬೇಯಿಸುವ ನಿಜವಾದ ರಿಬ್ ರೋಸ್ಟ್ ಬಗ್ಗೆ.

ಮಾಂಸ ತಿನ್ನದ ಸ್ನೇಹಿತರು ಇಲ್ಲಿಗೇ ನಿಲ್ಲಿಸಿದರೂ ನನಗೆ ಬೇಸರವಿಲ್ಲ. ಆದರೆ ಕೊನೆಯ ಒಂದೆರಡು ಪ್ಯಾರಾ ನಿಮಗಾಗಿಯೇ ಇವೆ, ದಯವಿಟ್ಟು ಅಲ್ಲಿಗೆ ನೆಗೆದು ಬಿಡಿ :-)

ನನ್ನ ವಾದ ಇಷ್ಟೇ. ಬೀಫ್ ತಿನ್ನುವ ನಾವು, ಅಂದರೆ ಕೇರಳದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರು, ಅದನ್ನು ಹೆಸರು ಹೇಳದೆ ತಿನ್ನುತ್ತೇವೆ. ಅಂಗಡಿಯಲ್ಲಿ ಬೆರಳು ತೋರಿಸಿ ‘ಒಂದು ಕಿಲೋ’ ಅಂದು, ಕಪ್ಪು ಕವರಿನಲ್ಲಿ ಕಟ್ಟಿಸಿಕೊಂಡು, ಯಾರಾದರೂ ಕೇಳಿದರೆ ‘ಮಟನ್’ ಅಂದು ಬರುತ್ತೇವೆ. ಹೀಗೆ ಕದ್ದು ತಂದ ಮಾಂಸದಿಂದ ಸಾರು ಮಾಡಬಹುದು. ರೋಸ್ಟ್ ಮಾಡಲಾಗುವುದಿಲ್ಲ. ಸಾರಿಗೆ ಮಸಾಲೆ ಇದೆ, ಮುಚ್ಚಳ ಇದೆ, ಸುಳ್ಳಿಗೂ ಜಾಗ ಇದೆ. ರೋಸ್ಟ್ ನಾಲ್ಕು ಗಂಟೆ ಬೇಯುತ್ತದೆ, ಇಡೀ ಫ್ಲ್ಯಾಟಿಗೆ ಗೊತ್ತಾಗುತ್ತದೆ, ಮೇಜಿನ ಮೇಲೆ ಎಲುಬು ಎತ್ತಿಕೊಂಡು ಕೂತಿರುತ್ತದೆ. ಅದನ್ನು ಮಟನ್ ಅಂದರೆ ಮಕ್ಕಳೂ ನಗುತ್ತಾರೆ.

ಅಂದ ಹಾಗೆ, ಈ ಕದ್ದುಮುಚ್ಚುವ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ನಾನು ನಂಜನಗೂಡಿನ ಕಡೆಯವನು. ನಮ್ಮ ಕೇರಿಯಲ್ಲಿ ದನದ ಬಾಡು ಹಬ್ಬದ ಊಟ. ಉಳಿದದ್ದನ್ನು ಉಪ್ಪು, ಅರಿಶಿನ ಹಾಕಿ ಹಗ್ಗದ ಮೇಲೆ ಬಿಸಿಲಿಗೆ ಒಣಗಿಸಿದರೆ ಕೊರಬಾಡು. ಮಳೆಗಾಲಕ್ಕೆ ಅದೇ ನಮ್ಮ ಫ್ರಿಜ್ಜು. ಕೇರಿಯೊಳಗೆ ಅದಕ್ಕೆ ಹೆಸರಿತ್ತು, ಕೇರಿ ದಾಟಿದರೆ ಹೆಸರಿರಲಿಲ್ಲ. ಬಿಕಾಂ ಓದಲು ಮೈಸೂರಿಗೆ ಬಂದಾಗ, ಆಮೇಲೆ ಬ್ಯಾಂಕು ಸೇರಿ ಬಾಡಿಗೆ ಮನೆ ಹುಡುಕುವಾಗ, ಮನೆ ಮಾಲೀಕರು ಬಾಡಿಗೆಗಿಂತ ಮೊದಲು ಕೇಳುತ್ತಿದ್ದದ್ದು ‘ನೀವು ಏನು ತಿಂತೀರಿ?’ ಅಂತ. ಆ ಪ್ರಶ್ನೆಯ ಹಿಂದಿನ ಪ್ರಶ್ನೆ ಯಾವುದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಟ್ರಾನ್ಸ್‌ಫರ್ ಆಗಿ ತಿರುವನಂತಪುರಕ್ಕೆ ಬಂದಾಗ ಪಾಳಯಂನ ಕನ್ನೆಮಾರ ಮಾರ್ಕೆಟ್ಟಿನಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಮಸೀದಿ, ಚರ್ಚು, ಗಣಪತಿ ದೇವಸ್ಥಾನ ಮೂರೂ ಹತ್ತಿರ ಹತ್ತಿರ ಇರುವ ಜಾಗ ಅದು. ಅಲ್ಲಿ ಜನ ಮೀನು ಕೇಳಿದಷ್ಟೇ ಸಲೀಸಾಗಿ ಬೀಫ್ ಕೇಳುತ್ತಿದ್ದರು. ನಾಯರ್, ಈಳವ, ಕ್ರಿಶ್ಚಿಯನ್, ಮುಸ್ಲಿಂ ಅಂತ ಕ್ಯೂ ಬೇರೆ ಇರಲಿಲ್ಲ. ತಿನ್ನದವರೂ ಬೇಕಾದಷ್ಟು ಜನ ಇದ್ದರು, ಅವರ ಪಾಡಿಗೆ ತರಕಾರಿ ಕೊಳ್ಳುತ್ತಿದ್ದರು.

ಇರಲಿ, ಅಡಿಗೆಗೆ ಬರೋಣ. ನಾನು ಬ್ಯಾಂಕಿನವನು, ಹಾಗಾಗಿ ಮೊದಲು ಕೆವೈಸಿ. ಅಂದರೆ ನೀವು ಕೊಳ್ಳುವ ಪ್ರಾಣಿಯ ಪರಿಚಯ!

ಇಂಟರ್ನೆಟ್ಟಿನ ರಿಬ್ ರೋಸ್ಟ್ ವಿಧಾನಗಳೆಲ್ಲ ಅಮೆರಿಕ, ಇಂಗ್ಲೆಂಡಿನವು. ಅಲ್ಲಿ ಮಾಂಸಕ್ಕೆಂದೇ ಸಾಕಿದ ಎರಡು ವರ್ಷದ ಆಸುಪಾಸಿನ ದನ. ಕೊಯ್ದ ಮೇಲೆ ಮಾಂಸವನ್ನು ಸೊನ್ನೆಯಿಂದ ನಾಲ್ಕು ಡಿಗ್ರಿ ತಂಪಿನಲ್ಲಿ ಎರಡು ಮೂರು ವಾರ ಇಡುತ್ತಾರೆ. ಆಗ ಮಾಂಸದ ಒಳಗಿನ ಕಿಣ್ವಗಳೇ ನಾರನ್ನು ಸಡಿಲ ಮಾಡುತ್ತವೆ. ಹಾಗಾಗಿ ಅವರು ಒಳಭಾಗ 55 ಡಿಗ್ರಿ ಮುಟ್ಟಿದ ಕೂಡಲೇ, ಇನ್ನೂ ಕೆಂಪಗಿರುವಾಗಲೇ ಓವನ್ನಿನಿಂದ ತೆಗೆಯುತ್ತಾರೆ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಪೋತ್ತ್, ಅಂದರೆ ಕೋಣ. ಇಲ್ಲವಾದರೆ ಕಾಳ, ಅಂದರೆ ಎತ್ತು. ವಯಸ್ಸಾದದ್ದು, ದುಡಿದದ್ದು, ಕೊಬ್ಬು ಕಡಿಮೆ. ಎಷ್ಟೋ ದನ ಪೊಳ್ಳಾಚಿ ಅಥವಾ ಪಾಲಕ್ಕಾಡಿನ ವಾಣಿಯಂಕುಳಂ ಸಂತೆಗಳಿಂದ ಬರುತ್ತವೆ. ಬೆಳಗಿನ ಜಾವ ಕೊಯ್ದು, ಮಧ್ಯಾಹ್ನದೊಳಗೆ ಮಾರಿ ಮುಗಿಸುತ್ತಾರೆ. ಈ ಮಾಂಸವನ್ನು ಅಮೆರಿಕದ ವಿಧಾನದಲ್ಲಿ 55 ಡಿಗ್ರಿಗೆ ಇಳಿಸಿದರೆ ಸಿಗುವುದು ರೋಸ್ಟ್ ಅಲ್ಲ, ಸೈಕಲ್ ಟಯರು. ಬಿಸಿಲಿಗೆ ತೂಗುಹಾಕಿ ಮಾರಿದ ಮಾಂಸವನ್ನು ಅರೆಬೇಯಿಸಿ ತಿನ್ನುವುದು ಆರೋಗ್ಯಕ್ಕೂ ಒಳ್ಳೆಯದಲ್ಲ.

ಹಾಗಾದರೆ ಏನು ಮಾಡಬೇಕು? ಈ ನೆಲದ ಮಾಂಸಕ್ಕೆ ಈ ನೆಲದ ಬುದ್ಧಿ. ಪಕ್ಕೆಲುಬನ್ನು ಮಲಯಾಳಿಗಳು ‘ವಾರಿಯೆಲ್ಲ್’ ಅಂತಾರೆ. ಅವರು ಅದನ್ನು ಮರಗೆಣಸಿನ ಜೊತೆ ಗಂಟೆಗಟ್ಟಲೆ ಬೇಯಿಸಿ ‘ಎಲ್ಲುಂ ಕಪ್ಪಯುಂ’ ಮಾಡುತ್ತಾರೆ. ಇಡುಕ್ಕಿ ಕಡೆ ಅದಕ್ಕೇ ‘ಏಷ್ಯಾಡ್’ ಅಂತ ಹೆಸರು. ಎಲುಬಿನ ಸುತ್ತ ಇರುವ ಗಟ್ಟಿ ನಾರು ಅಂಟಾಗಿ ಕರಗಲು ನಿಧಾನ ಉರಿ, ತೇವ, ಸಮಯ ಮೂರೂ ಬೇಕು ಅನ್ನುವುದು ಅವರಿಗೆ ಯಾವ ಪುಸ್ತಕ ಓದದೆಯೂ ಗೊತ್ತಿತ್ತು. ಓವನ್ನಿನಲ್ಲೂ ನಾವು ಮಾಡಬೇಕಾದದ್ದು ಅದನ್ನೇ.

ದನಕ್ಕೆ ಹದಿಮೂರು ಜೊತೆ ಪಕ್ಕೆಲುಬು. ಕುತ್ತಿಗೆ ಕಡೆಯವು ಗಟ್ಟಿ. ಬೆನ್ನಿನ ನಡುವಿನ ಭಾಗ ಹೆಚ್ಚು ಕೆಲಸ ಮಾಡದ ಸ್ನಾಯು, ಹಾಗಾಗಿ ಮೆದು. ಅಂಗಡಿಯವರ ಹತ್ತಿರ ಇದನ್ನು ಬಾಯಿ ಬಿಟ್ಟು ಕೇಳಬೇಕು. ‘ಇಕ್ಕಾ, ಪೋತ್ತೋ ಕಾಳಯೋ? ವಾರಿಯೆಲ್ಲ್ ಒಟ್ಟ ಪೀಸ್ ಆಯಿ ವೇಣಂ, ವೆಟ್ಟಂಡಾ’ (ಕೋಣವೋ ಎತ್ತೋ? ಪಕ್ಕೆಲುಬು ಒಂದೇ ತುಂಡಾಗಿ ಬೇಕು, ಕತ್ತರಿಸಬೇಡಿ). ಎರ್ನಾಕುಲಂನಲ್ಲಿ ನನ್ನ ಖಾಯಂ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಟ್ಟರೆ, ಬೆನ್ನಿನ ಕಡೆಯ ಮೂರು ಎಲುಬಿನ ತುಂಡು, ಸುಮಾರು ಎರಡೂವರೆ ಕಿಲೋ, ತೆಗೆದಿಡುತ್ತಾರೆ. ಓವನ್ನಿನ ಅಳತೆಗೆ ಎಲುಬಿನ ತುದಿ ಗಿಡ್ಡ ಮಾಡಿಸಿಕೊಳ್ಳುವುದನ್ನು ಮರೆಯಬೇಡಿ. ಈ ಮಾತುಕತೆ ಕಪ್ಪು ಕವರಿನ ಅವಸರದಲ್ಲಿ ನಡೆಯುವಂಥದ್ದಲ್ಲ. ನನ್ನ ವಾದದ ಅರ್ಧ ಇಲ್ಲೇ ಇದೆ.

ಮನೆಗೆ ತಂದ ಮೇಲೆ ಕಿಲೋಗೆ ಎರಡು ಟೀ ಚಮಚದಂತೆ ಉಪ್ಪು ಸವರಿ, ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಒಂದೆರಡು ದಿನ ಇಡಿ. ಉಪ್ಪು ಒಳಗೆ ಇಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಒಣಗಿದರೆ ಮಾತ್ರ ಬಣ್ಣ ಬರುವುದು. ಪಪಾಯಿ ಕಾಯಿ ಸವರುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಮೇಲೆ ಲೊಳಲೊಳ, ಒಳಗೆ ಹಾಗೇ ಗಟ್ಟಿ. ಮಾಡುವ ದಿನ ಕರಿಮೆಣಸು, ಸೋಂಪು, ಬೆಳ್ಳುಳ್ಳಿ, ಶುಂಠಿ, ಕರಿಬೇವು ಅರೆದು ತೆಂಗಿನೆಣ್ಣೆಯಲ್ಲಿ ಕಲಸಿ ಮೆತ್ತಿ. ಓವನ್ನು 230 ಡಿಗ್ರಿ ಕಾದ ಮೇಲೆ ಇಪ್ಪತ್ತು ನಿಮಿಷ, ಮೇಲೆಲ್ಲ ಕೆಂಪಗಾಗಲಿ. ಆಮೇಲೆ 150ಕ್ಕೆ ಇಳಿಸಿ. ಟ್ರೇಗೆ ಒಂದು ಹಿಡಿ ಸಣ್ಣ ಈರುಳ್ಳಿ, ಒಂದು ಲೋಟ ನೀರು ಹಾಕಿ, ಅಲ್ಯೂಮಿನಿಯಂ ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ. ಮೂರು ಗಂಟೆ, ಕೆಲವೊಮ್ಮೆ ಮೂರೂವರೆ. ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಬೇಕು. ಥರ್ಮಾಮೀಟರ್ ಇದ್ದರೆ ಒಳಗೆ 90 ದಾಟಿರುತ್ತದೆ. ಕೊನೆಗೆ ಫಾಯಿಲ್ ತೆಗೆದು ಕಾಲು ಗಂಟೆ. ಹೊರಗೆ ತೆಗೆದು ಅರ್ಧ ಗಂಟೆ ಮುಟ್ಟಬೇಡಿ. ಕೂಡಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಪಾಲು.

ಖರ್ಚಿನ ಲೆಕ್ಕ ಕೇಳುತ್ತೀರಾ? ಮಾಂಸ ಕಿಲೋಗೆ 400 ರೂಪಾಯಿ ದಾಟಿದೆ. ಮಾಮೂಲಿ ಓಟಿಜಿಗೆ ನಾಲ್ಕು ಯೂನಿಟ್ ಕರೆಂಟು ಹಿಡಿಯಿರಿ. ಎಂಟು ಜನರ ಊಟ. ಹೋಟೆಲ್ ಬಿಲ್ಲಿನ ಎದುರು ಇಟ್ಟು ನೋಡಿದರೆ ಕ್ರೆಡಿಟ್ ಬ್ಯಾಲೆನ್ಸೇ! ನಮ್ಮನೆಯವಳು ಜೊತೆಗೆ ರಾಗಿಮುದ್ದೆ ಮಾಡುತ್ತಾಳೆ. ಟ್ರೇ ತಳದ ಈರುಳ್ಳಿ ರಸಕ್ಕೆ ಮುದ್ದೆಯ ಜೋಡಿ ಯಾವ ಬ್ರೆಡ್ಡಿಗೂ ಬರುವುದಿಲ್ಲ.

ಈಗ ಆ ಕೊನೆಯ ಪ್ಯಾರಾಗಳು. ‘ರೀ, ನೀವು ಕೇರಳದಲ್ಲಿ ಕೂತು ಧೈರ್ಯ ಹೇಳ್ತೀರಿ, ನಮ್ಮೂರಲ್ಲಿ ಹೇಳಿ ನೋಡೋಣ’ ಅಂತ ಒಬ್ಬ ಹಳೆಯ ಗೆಳೆಯ ಫೋನಿನಲ್ಲಿ ಅಂದ. ಅವನ ಮಾತು ಸುಳ್ಳಲ್ಲ. ಕರ್ನಾಟಕದಲ್ಲಿ 1964ರ ಕಾಯ್ದೆ ವಯಸ್ಸಾದ ಎತ್ತು, ಕೋಣಗಳಿಗೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದನ್ನೂ ಕಡಿಯುವಂತಿಲ್ಲ. ಎಮ್ಮೆ ಕೋಣ 13 ವರ್ಷ ದಾಟಿದ್ದರೆ ಮಾತ್ರ, ಅದೂ ಪ್ರಮಾಣಪತ್ರ ಇದ್ದರೆ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಅಲ್ಲಿರುವವರಿಗೆ ಕಾನೂನು ಮೀರಿ ಅಂತ ನಾನು ಹೇಳುವವನಲ್ಲ. ಕಾನೂನು ತಡೆಯದ ಕಡೆಯಲ್ಲೂ ನಮ್ಮ ನಾಲಗೆಯನ್ನು ನಾವೇ ಕಟ್ಟಿಕೊಂಡಿದ್ದೇವಲ್ಲ, ನನ್ನ ತಕರಾರು ಅದರ ಬಗ್ಗೆ.

ಹಾಗಂತ ಇದನ್ನು ಬಾವುಟ ಮಾಡುವುದೂ ನನಗೆ ಹಿಡಿಸುವುದಿಲ್ಲ. 2017ರ ಮೇ ತಿಂಗಳಲ್ಲಿ ಕೇಂದ್ರದ ಜಾನುವಾರು ಸಂತೆ ನಿಯಮ ಬಂದಾಗ ಕೇರಳದ ತುಂಬ ಬೀಫ್ ಫೆಸ್ಟ್ ನಡೆದವು. ಜೂನ್ 8ರಂದು ತಿರುವನಂತಪುರದಲ್ಲಿ ವಿಧಾನಸಭೆಯ ವಿಶೇಷ ಅಧಿವೇಶನಕ್ಕೆ ಮೊದಲು ಶಾಸಕರು ಕ್ಯಾಂಟೀನಿನಲ್ಲಿ ಬೀಫ್ ಫ್ರೈ ತಿಂದದ್ದೂ ಸುದ್ದಿಯಾಯಿತು. 2025ರ ಆಗಸ್ಟಿನಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಕೊಚ್ಚಿ ಕಚೇರಿಯ ಹೊರಗೆ ನೌಕರರ ಸಂಘಟನೆಯವರು ಪರೋಟ ಬೀಫ್ ಹಂಚಿದರು. ಕ್ಯಾಂಟೀನಿನಲ್ಲಿ ಬೀಫ್ ಬೇಡವೆಂದು ಹೇಳಲಾಗಿದೆ ಎಂಬುದು ಅವರ ಆರೋಪವಾಗಿತ್ತು. ತಟ್ಟೆಗೆ ಯಾರಾದರೂ ಕೈ ಹಾಕಿದರೆ ಪ್ರತಿಭಟಿಸುವುದು ಸರಿಯೇ. ಆದರೆ ಘೋಷಣೆ ಕೂಗುತ್ತಾ ತಿಂದ ಊಟದಲ್ಲಿ ರುಚಿ ಯಾರಿಗೂ ನೆನಪಿರುವುದಿಲ್ಲ. ನನಗೆ ಬೇಕಾದದ್ದು ಭಾನುವಾರದ ಊಟ, ಸಮ್ಮೇಳನವಲ್ಲ.

ಇನ್ನು ತಿನ್ನದವರ ಮಾತು. ಹೆಸರು ಹೇಳುವುದು ತಿನ್ನುವವರಿಗಿಂತ ನಿಮಗೇ ಹೆಚ್ಚು ಬೇಕು ಅಂತ ನನ್ನ ಅಭಿಪ್ರಾಯ. ಯೋಚಿಸಿ ನೋಡಿ. ದನದ ಮಾಂಸವನ್ನು ಮಟನ್ ಅಂತ ಕರೆಯುವ ಮನೆಗೆ ನೀವು ಧೈರ್ಯವಾಗಿ ಊಟಕ್ಕೆ ಹೋಗುತ್ತೀರಾ? ಹೆಸರು ಹೇಳುವ ಮನೆಯಲ್ಲಿ ನಿಮಗೆ ಮೋಸವಾಗುವುದಿಲ್ಲ. ನಮ್ಮ ಮನೆಗೆ ಬರುವ ಕನ್ನಡ ಬಳಗದವರಿಗೆ ನಾವು ಫೋನಿನಲ್ಲೇ ಹೇಳುತ್ತೇವೆ: ‘ಈ ಭಾನುವಾರ ಬೀಫ್ ಇದೆ, ನಿಮಗೆ ಬೇರೆ ಪಾತ್ರೆಯಲ್ಲಿ ಹುಳಿ, ಪಲ್ಯ ಇರುತ್ತೆ. ಬೇಡ ಅನ್ನಿಸಿದರೆ ಮುಂದಿನ ವಾರ ಬನ್ನಿ’. ಪಕ್ಕದ ಫ್ಲ್ಯಾಟಿನಲ್ಲಿ ಸಸ್ಯಾಹಾರಿ ಹಿರಿಯರಿದ್ದಾರೆ. ಓವನ್ ಹಚ್ಚುವ ದಿನ ಅವರ ಕಡೆಯ ಕಿಟಕಿ ಮುಚ್ಚಿ, ಎಕ್ಸಾಸ್ಟ್ ಹಾಕುತ್ತೇವೆ. ಅವರಿಗೂ ಗೊತ್ತು, ನಮಗೂ ಗೊತ್ತು. ಅವರ ಮನೆಯ ತಂಬಿಟ್ಟು ನಮಗೆ ಬರುವುದು ನಿಂತಿಲ್ಲ. ಗೊತ್ತಿದ್ದೂ ಬರುವ ತಂಬಿಟ್ಟಿಗೆ ಇರುವ ಬೆಲೆ, ಗೊತ್ತಿಲ್ಲದೆ ಬರುವುದಕ್ಕೆ ಇರುತ್ತಿರಲಿಲ್ಲ ಅಲ್ವಾ?

ಕನ್ನಡ ಸಂಘಗಳಲ್ಲಿ ‘ನಮ್ಮ ಆಹಾರ ಸಂಸ್ಕೃತಿ’ ಅಂತ ಭಾಷಣ ಆಗುವಾಗ ಬಿಸಿಬೇಳೆಬಾತ್, ಮೈಸೂರ್‌ಪಾಕ್ ಬರುತ್ತವೆ. ಈಚೆಗೆ ನಾಟಿಕೋಳಿ, ಮುದ್ದೆಯೂ ಬಂದಿವೆ, ಸಂತೋಷ. ಆದರೆ ಕೊರಬಾಡು ಒಣಗಿಸಿ ಮಕ್ಕಳನ್ನು ಓದಿಸಿದ ತಾಯಂದಿರೂ ಕನ್ನಡದವರೇ. ಅವರ ಅಡಿಗೆಯ ಹೆಸರು ಅವರ ಮೊಮ್ಮಕ್ಕಳಿಗೆ ಗೊತ್ತಿಲ್ಲದೆ ಹೋಗುತ್ತಿದೆ. ನನ್ನ ಮಗಳಿಗೆ ‘ಉಲರ್ತಿಯತ್’ ಅನ್ನುವ ಮಲಯಾಳಂ ಪದ ಗೊತ್ತು, ಅವಳಜ್ಜಿಯ ಪದ ನಾನು ಹೇಳಿಕೊಟ್ಟ ಮೇಲೇ ಗೊತ್ತಾದದ್ದು. ಪರಭಾಷೆಯಲ್ಲಿ ನಿರಾಳವಾಗಿ ಹೇಳಬಹುದಾದದ್ದನ್ನು ಸ್ವಂತ ಭಾಷೆಯಲ್ಲಿ ಪಿಸುಗುಟ್ಟಬೇಕು ಅಂದರೆ, ಬಡವಾಗುವುದು ಭಾಷೆಯೇ.

ಆದ್ದರಿಂದ ತಿನ್ನುವ ಸ್ನೇಹಿತರೇ, ಮುಂದಿನ ಸಲ ಅಂಗಡಿಯಲ್ಲಿ ಪ್ರಾಣಿ ಯಾವುದು, ಎಲುಬು ಯಾವುದು ಅಂತ ಜೋರಾಗಿ ಕೇಳಿ. ನಿಧಾನವಾಗಿ ಬೇಯಿಸಿ. ಯಾರಾದರೂ ಏನಡಿಗೆ ಅಂದರೆ ಅದರ ಹೆಸರೇ ಹೇಳಿ. ತಿನ್ನದ ಸ್ನೇಹಿತರೇ, ಹೇಳಿದವರನ್ನು ದೂರ ಮಾಡಬೇಡಿ, ಅವರು ನಿಮ್ಮನ್ನು ಗೌರವಿಸಿಯೇ ಹೇಳಿರುತ್ತಾರೆ. ನೀವೇನಂತೀರಿ?