ಕೈಯಿಂದ ಜಾರಿದ ಮುದ್ದೆ ಕೋಲು



ಹೋದ ಕಾರ್ತಿಕದಲ್ಲಿ ನಾಗಮಂಗಲದ ನಮ್ಮ ಮನೆಯಲ್ಲಿ ನಡೆದ ಸಂಗತಿ ಇದು. ಅತ್ತಿಗೆ ಮುದ್ದೆ ತೊಳಸುತ್ತಿದ್ದರು. ಇದ್ದಕ್ಕಿದ್ದಂತೆ ಕೋಲು ಬಲಗೈಯಿಂದ ಜಾರಿ ಬಿತ್ತು. "ಏನಾಯ್ತು ಅತ್ತಿಗೆ?" ಎಂದರೆ ಮಾತು ತೊದಲುತ್ತಿತ್ತು. ಹತ್ತೇ ನಿಮಿಷ. ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಉಪ್ಸಾರಿಗೆ ಖಾರ ಅರೆಯಲು ಹೊರಟರು. "ಸುಸ್ತು ಕಣೆ, ಬಿಡು" ಅಂದರು. ನಾನೂ ಬಿಟ್ಟೆ. ಅದೇ ನನ್ನ ತಪ್ಪು.

ಮೂರನೇ ದಿನ ಮತ್ತೆ ಹಾಗೇ ಆಯ್ತು. ಆಗ ಆಸ್ಪತ್ರೆಗೆ ಓಡಿದೆವು. ತಲೆಯ ಸಿ.ಟಿ. ಸ್ಕ್ಯಾನ್ ತೆಗೆದರು. ಎಲ್ಲ ಸರಿಯಾಗಿದೆ ಎಂದು ಬಂತು. ನಮಗೆಲ್ಲ ಹೋದ ಜೀವ ಬಂದಂತಾಯ್ತು. ಡಾಕ್ಟರು ಮಾತ್ರ ನಗಲಿಲ್ಲ. "ಇದು ಮಿದುಳಿನ ಚಿತ್ರ, ರಕ್ತನಾಳಗಳದ್ದಲ್ಲ. ಅದನ್ನೂ ನೋಡಬೇಕು" ಎಂದು ಬೆಂಗಳೂರಿಗೆ ಬರೆದುಕೊಟ್ಟರು.

ಎಸ್ಸೆಸ್ಸೆಲ್ಸಿ ಓದಿದ ನನಗೆ ಅರ್ಥವಾದದ್ದು ಹೀಗೆ. ಇವತ್ತು ಗದ್ದೆ ಹಸಿರಾಗಿದೆ ಎಂದರೆ ಕಾಲುವೆಯೂ ಚೆನ್ನಾಗಿದೆ ಎಂದಲ್ಲ. ಎಲ್ಲೋ ಹೂಳು ತುಂಬಿ ನೀರು ಸಣ್ಣಗೆ ಹರಿಯುತ್ತಿರಬಹುದು. ಕಾಲುವೆಯನ್ನೇ ನೋಡುವ ಪರೀಕ್ಷೆಗೆ ಆಂಜಿಯೋಗ್ರಾಂ ಎನ್ನುತ್ತಾರೆ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಎಂಬ ವೈದ್ಯರು ನಾಳಕ್ಕೆ ಔಷಧ ಬಿಟ್ಟು ಎಕ್ಸ್-ರೇಯಲ್ಲಿ ಮೊದಲು ಇದನ್ನು ಕಂಡರು. ಈಗ ಸಿ.ಟಿ.ಯಲ್ಲೂ ಎಂ.ಆರ್.ಐ.ಯಲ್ಲೂ ನೋಡಬಹುದು.

ಅತ್ತಿಗೆಗೆ ಎಂ.ಆರ್.ಐ. ಮಾಡಿದರು. ಅದು ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹ ಇರಕೂಡದು. ಮಾಂಗಲ್ಯ ತೆಗೆಯಬೇಕು ಎಂದಾಗ ಅತ್ತಿಗೆ ಅತ್ತೇಬಿಟ್ಟರು. ಹೊರಗೆ ಅರಿಸಿನದ ಕೊಂಬು ತಂದು ದಾರಕ್ಕೆ ಕಟ್ಟಿ ಹಾಕಿದೆ. ಆಗ ಒಪ್ಪಿದರು. ನೀವೂ ಹೋಗುವುದಾದರೆ ಮನೆಯಿಂದಲೇ ಒಯ್ಯಿರಿ. ಹೇರ್‌ಪಿನ್ನನ್ನೂ ಮರೆಯದೆ ತೆಗೆಯಿರಿ. ಒಳಗೆ ಸದ್ದು ಜೋರು, ನೋವಿಲ್ಲ. ಬಣ್ಣದ ಔಷಧ ಕೊಡುವುದಿದ್ದರೆ ಮೂತ್ರಪಿಂಡದ ತೊಂದರೆ, ಗರ್ಭ, ಅಲರ್ಜಿ ಇದ್ದುದನ್ನು ಮೊದಲೇ ಹೇಳಿ.

ಎಡಗಡೆಯ ಒಂದು ನಾಳ ಕಿರಿದಾಗಿತ್ತು. ಮಿದುಳಿನ ಎಡಭಾಗವೇ ಬಲಗೈಯನ್ನೂ ಮಾತನ್ನೂ ನಡೆಸುವುದಂತೆ. ಈಗ ಮಾತ್ರೆ ನಡೆದಿದೆ, ಬಿ.ಪಿ. ಹಿಡಿತದಲ್ಲಿದೆ. ಉಪ್ಸಾರಿಗೂ ಉಪ್ಪು ಕಮ್ಮಿ, ಬದಲಿಗೆ ನಿಂಬೆಹುಳಿ!

ಬೇರೆ ದೋಷಗಳೂ ಉಂಟು. ಕೆಲವರಲ್ಲಿ ನಾಳದ ಗೋಡೆ ಗುಳ್ಳೆಯಂತೆ ಉಬ್ಬಿರುತ್ತದೆ. ಎಲ್ಲ ಗುಳ್ಳೆಯೂ ಒಡೆಯುವುದಿಲ್ಲ. ಗಾತ್ರ, ಆಕಾರ, ಜಾಗ ನೋಡಿ ಕಾಯುವುದೋ ಮುಚ್ಚುವುದೋ ಎಂದು ವೈದ್ಯರು ಹೇಳುತ್ತಾರೆ. ಮಕ್ಕಳಿಗೂ ಮೊಯಮೊಯ ಎಂಬ ಕಾಯಿಲೆ ಬರುತ್ತದೆ. ದೊಡ್ಡ ನಾಳ ಕಿರಿದಾಗಿ, ಸುತ್ತ ಹೊಗೆಯಂಥ ಸಣ್ಣ ನಾಳಗಳು ಬೆಳೆಯುತ್ತವೆ. ಜೋರಾಗಿ ಅತ್ತಾಗ, ಬಿಸಿ ಊಟಕ್ಕೆ ಊದಿದಾಗ ಮಗುವಿನ ಕೈಕಾಲು ಸೋತರೆ ಹಟವೆಂದು ಬೈಯಬೇಡಿ, ತೋರಿಸಿ.

ಹಾಗೆಂದು ಪ್ರತಿ ತಲೆನೋವಿಗೂ ಸ್ಕ್ಯಾನ್ ಬೇಡ. ಆದರೆ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎಂದೂ ಕಾಣದ ತಲೆನೋವು ಸಿಡಿಲಿನಂತೆ ಬಡಿದರೆ 108ಕ್ಕೆ ಫೋನ್ ಮಾಡಿ. ಶುರುವಾದ ಹೊತ್ತನ್ನು ಗುರುತಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ನೀವಾಗಿಯೇ ಆಸ್ಪಿರಿನ್ ನುಂಗಿಸಬೇಡಿ. ರಕ್ತಸ್ರಾವವಾಗಿದ್ದರೆ ಅದು ಕೇಡು. ತಾನಾಗಿ ವಾಸಿಯಾದರೂ ಅಂದೇ ಹೋಗಿ, ಮೊದಲ ಎರಡು ದಿನಗಳಲ್ಲೇ ಅಪಾಯ ಹೆಚ್ಚು. ರಾತ್ರಿಯೂ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿಡಿ.

ಮೊನ್ನೆ ಅತ್ತಿಗೆ ಮತ್ತೆ ಕೋಲು ಹಿಡಿದರು. ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ. ನಾನು ಮಾತ್ರ ಅವರ ಬಲಗೈಯನ್ನೇ ನೋಡುತ್ತಾ ನಿಂತಿದ್ದೆ.