ಪೋಸ್ಟರ್ ಮಾಡೋದೂ ಒಂದು ಪಾಠ ಕಣ್ರೀ

ಹತ್ತನೇ ಕ್ಲಾಸ್ ರಿಸಲ್ಟ್ ಬಂದ ವಾರ ನಿಮಗೂ ಊರಿಂದ ಇಂಥದ್ದೊಂದು ಫೋನ್ ಬಂದಿರಬಹುದು. "ನೀನು ಬೆಂಗಳೂರಲ್ಲಿ ಕೆಲಸದಲ್ಲಿದೀಯ, ಇವಳಿಗೆ ಸ್ವಲ್ಪ ಬುದ್ಧಿ ಹೇಳಪ್ಪ. ಅದೇನೋ ಗ್ರಾಫಿಕ್ ಡಿಸೈನ್ ಓದ್ತೀನಿ ಅಂತ ಹಟ ಹಿಡಿದು ಕೂತಿದಾಳೆ." ಚಿಕ್ಕಮ್ಮನ ದನಿಯಲ್ಲಿ ಗಾಬರಿ. ಮನೆಯಲ್ಲಿ ಸಂಬಳ ತರುವವರ ಮಾತಿಗೆ ಬೆಲೆ ಜಾಸ್ತಿ. ನಾವು ಫೋನಲ್ಲಿ ಎರಡು ನಿಮಿಷ ಹೇಳಿದ್ದೇ ಆ ಹುಡುಗಿಯ ಎರಡು ವರ್ಷ ಆಗಿಬಿಡಬಹುದು. ಹಾಗಾಗಿ 'ಸುಮ್ನೆ ಸೈನ್ಸ್ ತಗೋ' ಅನ್ನುವ ಮೊದಲು ಆ ವಿಷಯದಲ್ಲಿ ಏನಿದೆ ಅಂತ ನೋಡೋಣ.

ನಮ್ಮ ರಾಜ್ಯದ ಪಿಯು ಕಾಂಬಿನೇಷನ್‌ಗಳಲ್ಲಿ ಗ್ರಾಫಿಕ್ ಡಿಸೈನ್ ಇಲ್ಲ. ಸಿಬಿಎಸ್‌ಇಯಲ್ಲಿ 11 ಮತ್ತು 12ನೇ ತರಗತಿಗೆ ಇದಕ್ಕೆ ಹತ್ತಿರವಾದ ವಿಷಯ ಇದೆ. ಹೆಸರು ಅಪ್ಲೈಡ್ ಆರ್ಟ್. ಹಳಬರಿಗೆ ಕಮರ್ಷಿಯಲ್ ಆರ್ಟ್ ಅಂದರೆ ಗೊತ್ತಾಗುತ್ತೆ. ಅದೇ ಪಟ್ಟಿಯಲ್ಲಿ 'ಗ್ರಾಫಿಕ್ಸ್' ಅಂತ ಇನ್ನೊಂದು ವಿಷಯ ಇರುತ್ತೆ. ಅದನ್ನು ನೋಡಿ ಮೋಸ ಹೋಗಬೇಡಿ, ಅದು ಮರ, ಲಿನೋ ಹಾಳೆ ಕೆತ್ತಿ ಅಚ್ಚೊತ್ತುವ ಪ್ರಿಂಟ್‌ಮೇಕಿಂಗ್. ಎಲ್ಲ ಶಾಲೆಗಳಲ್ಲೂ ಈ ವಿಷಯಗಳು ಸಿಗಲ್ಲ. ಅಡ್ಮಿಷನ್‌ಗೆ ಮುಂಚೆಯೇ ಕೇಳಿಕೊಳ್ಳಬೇಕು.

ಅಪ್ಲೈಡ್ ಆರ್ಟ್‌ನಲ್ಲಿ ಥಿಯರಿಗೆ 30 ಅಂಕ, ಪ್ರಾಕ್ಟಿಕಲ್‌ಗೆ 70. ಥಿಯರಿ ಅಂದರೆ ಭಾರತೀಯ ಕಲೆಯ ಇತಿಹಾಸ: ಸಿಂಧೂ ಕಣಿವೆಯಿಂದ ಹಿಡಿದು ಮೊಘಲ್, ದಖ್ಖನಿ ಕಿರುಚಿತ್ರಗಳು, ಬಂಗಾಳ ಶೈಲಿಯವರೆಗೆ. ಪ್ರಾಕ್ಟಿಕಲ್‌ನಲ್ಲಿ ಅಕ್ಷರ ವಿನ್ಯಾಸ, ಇಲಸ್ಟ್ರೇಷನ್, ಪೋಸ್ಟರ್. 'ಚಿತ್ರ ಬಿಡಿಸೋದು ತಾನೇ, ಆರಾಮಾಗಿ ಮಾರ್ಕ್ಸ್ ಬರುತ್ತೆ' ಅಂತ ಸೇರಿದವರಿಗೆ ಕಷ್ಟವಾಗೋದು ಇಲ್ಲೇ.

ಯಾಕಂದ್ರೆ ಚಿತ್ರ ಬಿಡಿಸುವವರು ತಮಗೆ ಇಷ್ಟವಾಗುವ ಹಾಗೆ ಬಿಡಿಸಬಹುದು. ಪೋಸ್ಟರ್ ಮಾಡುವವರಿಗೆ ಆ ಸ್ವಾತಂತ್ರ್ಯ ಇಲ್ಲ. ರಕ್ತದಾನ ಶಿಬಿರದ ಪೋಸ್ಟರ್ ಅಂದುಕೊಳ್ಳಿ. ಬಸ್ ಹಿಡಿಯುವ ಅವಸರದಲ್ಲಿ ಇರುವವರ ಕಣ್ಣು ಅದರ ಮೇಲೆ ನಿಲ್ಲೋದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಏನು, ಯಾವತ್ತು, ಎಲ್ಲಿ ಅನ್ನೋದು ಗೊತ್ತಾಗಬೇಕು. ಯಾವುದು ದೊಡ್ಡದು, ಯಾವುದು ಚಿಕ್ಕದು, ಯಾವುದು ಬೇಡವೇ ಬೇಡ ಅಂತ ತೀರ್ಮಾನ ಮಾಡೋದೇ ಅಲ್ಲಿನ ಅರ್ಧ ಕೆಲಸ. ಹದಿನಾರನೇ ವಯಸ್ಸಿಗೆ ಎದುರಿನವರ ಕಣ್ಣಿಂದ ನೋಡೋಕೆ ಕಲಿಸುವ ಪಾಠ ಇನ್ನೆಷ್ಟಿವೆ?

ಕನ್ನಡದಲ್ಲಂತೂ ಇದು ಇನ್ನೂ ಸೂಕ್ಷ್ಮ. ಇಂಗ್ಲಿಷ್‌ನ ದೊಡ್ಡಕ್ಷರಗಳು ಒಂದು ಪಟ್ಟಿಯಲ್ಲಿ ಸರಿಯಾಗಿ ಕೂರುತ್ತವೆ. ಅದೇ ಪಟ್ಟಿಯಲ್ಲಿ 'ವಸ್ತ್ರಾಲಯ' ಅಂತ ಬರೆದು ನೋಡಿ. ಸ ಕೆಳಗೆ ತ ಒತ್ತು, ಜೊತೆಗೆ ರ ಒತ್ತು, ಎರಡೂ ಕೆಳಗಿನ ಸಾಲಿಗೆ ಹೋಗಿ ಡಿಕ್ಕಿ ಹೊಡೆಯುತ್ತವೆ. ದ ಮತ್ತು ಧ ನಡುವೆ ಇರೋದು ಕೆಳಗಿನ ಒಂದು ಪುಟ್ಟ ಗೀಟು. ಅಕ್ಷರವನ್ನು ತೀರಾ ದಪ್ಪ ಮಾಡಿದರೆ ದೂರದಿಂದ ಅದು ಕಾಣೋದೇ ಇಲ್ಲ. 2024ರ ಕಾನೂನು ತಿದ್ದುಪಡಿಯ ನಂತರ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಬೋರ್ಡ್‌ಗಳು ಬದಲಾದವು, ಸರಿ. ಆದರೆ ಎಷ್ಟೋ ಕಡೆ ಇಂಗ್ಲಿಷ್ ಜಾಗಕ್ಕೆ ಕನ್ನಡವನ್ನು ಎಳೆದು, ಹಿಗ್ಗಿಸಿ ತುರುಕಿದ್ದಾರೆ. ಕನ್ನಡ ಅಕ್ಷರವನ್ನು ನೆಟ್ಟಗೆ ಕೂರಿಸಬಲ್ಲವರು ನಮಗೆ ಬೇಕಾಗಿದ್ದಾರೆ.

'ಕ್ಯಾನ್ವಾ ಇದೆ, ಎಐ ಇದೆ, ಇನ್ಯಾಕೆ ಕಲೀಬೇಕು?' ನಿಮ್ಮ ಆಫೀಸಿನಲ್ಲೂ ಈ ಮಾತು ಕೇಳಿರ್ತೀರಿ. ಅವು ಒಂದು ನಿಮಿಷದಲ್ಲಿ ಹತ್ತು ಡಿಸೈನ್ ಕೊಡುತ್ತವೆ, ನಿಜ. ಹತ್ತರಲ್ಲಿ ಯಾವುದು ಸರಿ, ಯಾಕೆ ಸರಿ ಅನ್ನೋಕೆ ಪಳಗಿದ ಕಣ್ಣು ಬೇಕು. ಬರೀ ಸಾಫ್ಟ್‌ವೇರ್ ಕಲಿತವರಿಗೆ ಭಯ ಇರಬೇಕಾದ್ದೇ. ಅದಕ್ಕೇ ಮೊದಲು ಕಣ್ಣು ಪಳಗಲಿ ಅನ್ನೋದು.

ಇನ್ನು ಚಿಕ್ಕಮ್ಮನ ನಿಜವಾದ ಪ್ರಶ್ನೆ: ಮುಂದೇನು? ಐಐಟಿಗಳ ಬಿ.ಡೆಸ್ ಕೋರ್ಸ್‌ಗೆ ಯುಸೀಡ್ ಪರೀಕ್ಷೆ ಬರೆಯಬೇಕು. 12ರಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವುದಿದ್ದರೂ ನಡೆಯುತ್ತೆ. 1961ರಲ್ಲಿ ಶುರುವಾದ ಅಹಮದಾಬಾದಿನ ಎನ್‌ಐಡಿಗೂ ಹಾಗೇ, ಪ್ರವೇಶ ಪರೀಕ್ಷೆಯೇ ಮುಖ್ಯ. ದಿನಾ ಯುಪಿಐನಲ್ಲಿ ನೋಡುವ ₹ ಚಿಹ್ನೆ ಇದೆಯಲ್ಲ, 2010ರಲ್ಲಿ ಒಪ್ಪಿಗೆಯಾದ ಅದನ್ನು ರೂಪಿಸಿದ ಡಿ. ಉದಯಕುಮಾರ್ ಓದಿದ್ದು ಐಐಟಿ ಬಾಂಬೆಯ ವಿನ್ಯಾಸ ವಿಭಾಗದಲ್ಲೇ.

ಸ್ಟೇಟ್ ಸಿಲಬಸ್ ಮಕ್ಕಳು ಬೇಸರ ಮಾಡ್ಕೋಬೇಕಿಲ್ಲ. ಲೋಯರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಕಟ್ಟಬಹುದು. ಪಿಯು ಆದ ಮೇಲೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅನ್ವಯಿಕ ಕಲೆ ಓದಬಹುದು.

ಎರಡು ಎಚ್ಚರಿಕೆ ಮಾತ್ರ ಹೇಳಿ. ಒಂದು, ಖಾಸಗಿ ಡಿಸೈನ್ ಕಾಲೇಜುಗಳ ಫೀಸು ಲಕ್ಷಗಳಲ್ಲಿ ಇರುತ್ತೆ. ಜಾಹೀರಾತು ನೋಡಿ ದುಡ್ಡು ಕಟ್ಟುವ ಮುಂಚೆ ಅಲ್ಲಿ ಓದುತ್ತಿರುವವರನ್ನು ಮಾತಾಡಿಸಬೇಕು. ಇನ್ನೊಂದು, ಶಾಲೆ ಒಪ್ಪಿದರೆ ಅಪ್ಲೈಡ್ ಆರ್ಟ್ ಜೊತೆ ಗಣಿತವನ್ನೂ ಇಟ್ಟುಕೊಳ್ಳಲಿ. ನಾಳೆ ಆರ್ಕಿಟೆಕ್ಚರ್ ಕಡೆ ಮನಸ್ಸು ಹೋದರೆ ಗಣಿತ ಬೇಕೇ ಬೇಕು.

ಆಸಕ್ತಿ ನಿಜವೋ, ಇನ್‌ಸ್ಟಾಗ್ರಾಂ ಮೋಹವೋ ಅಂತ ಅನುಮಾನ ಇದ್ದರೆ ಒಂದು ಕೆಲಸ ಕೊಡಿ. ಮನೆಯ ಮುಂದಿನ ಫಂಕ್ಷನ್ನಿಗೆ ಒಂದು ಆಮಂತ್ರಣ ಪತ್ರ ಮಾಡಲಿ, ಕನ್ನಡದಲ್ಲೇ. ಅದನ್ನು ಅಜ್ಜಿಗೆ ಕೊಟ್ಟು ಓದಿಸಲಿ. ಅಜ್ಜಿ ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಲಿ, ಮತ್ತೆ ತೋರಿಸಲಿ. ಮೂರನೇ ಸಲ ತಿದ್ದುವಾಗಲೂ ಮುಖ ಗಂಟಿಕ್ಕದೆ ಕೂತರೆ, ಧೈರ್ಯವಾಗಿ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿ: "ಓದಲಿ ಬಿಡಿ ಚಿಕ್ಕಮ್ಮ, ಅವಳಿಗೆ ಈ ಕೆಲಸ ಹೊಂದುತ್ತೆ."