ಮೊಬೈಲಿನ ಯುದ್ಧ ವಿಮಾನ ಮತ್ತು ಮಗನ ನಿದ್ದೆ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಹುಡುಗರಲ್ಲಿ ಈಚೆಗೆ ಹೊಸ ಬಗೆಯ ಆಯಾಸವೊಂದು ಕಂಡುಬರುತ್ತಿದೆ. ಬೆಳಗ್ಗೆ ಎದ್ದರೆ ತಲೆಭಾರ, ಕಣ್ಣುರಿ, ಹೆಬ್ಬೆರಳ ಬುಡದಲ್ಲಿ ನೋವು, ಕತ್ತಿನ ಬಿಗಿತ, ಜೊತೆಗೆ ವಾಕರಿಕೆ. "ಡಾಕ್ಟ್ರೇ, ಗ್ಯಾಸ್ಟ್ರಿಕ್ ಇರ್ಬೇಕು ನೋಡಿ, ರಾತ್ರಿ ನಿದ್ದೇನೇ ಮಾಡಲ್ಲ ಇವ್ನು" ಎನ್ನುತ್ತಾರೆ ತಂದೆ. ನಮ್ಮಲ್ಲಿ ಎಲ್ಲದಕ್ಕೂ ಗ್ಯಾಸ್ಟ್ರಿಕ್ಕೇ ಕಾರಣ! ಹುಡುಗನನ್ನು ಒಬ್ಬನೇ ಕೂರಿಸಿ ಕೇಳಿದರೆ, ರಾತ್ರಿ ಒಂದು ಗಂಟೆಯವರೆಗೆ ಹೊದಿಕೆಯೊಳಗೆ ಯುದ್ಧ ವಿಮಾನ ಹಾರಿಸುತ್ತಿದ್ದ ಸಂಗತಿ ಹೊರಬರುತ್ತದೆ.

ಈ ಆಟ ಏನೆಂದು ತಿಳಿಯದೆ ಔಷಧ ಬರೆದು ಫಲವಿಲ್ಲವೆಂದು ಹುಡುಗರಿಂದಲೇ ಕೇಳಿ ತಿಳಿದುಕೊಂಡೆ. ವಾರ್ ಥಂಡರ್‌ನಂಥ ಆಟಗಳಲ್ಲಿ ಹೊಸಬನಿಗೆ ಮೊದಲು ಸಿಗುವುದು 1930ರ ದಶಕದ ನಿಧಾನದ ಪಂಖದ ವಿಮಾನಗಳು. ಆಡಿ ಅಂಕ ಗಳಿಸುತ್ತ ಮೆಟ್ಟಿಲು ಹತ್ತಿದರೆ ಜೆಟ್. ಆ ಪುರುಸೊತ್ತಿಲ್ಲದವನಿಗೆ ಹಣದ ದಾರಿಯೂ ಉಂಟು. ನಮ್ಮ ಹುಡುಗನ ಕಣ್ಣೆಲ್ಲ ಜೆಟ್ಟಿನ ಮೇಲೆ. ಸ್ಪಿಟ್‌ಫೈರ್‌ನಂಥ ವಿಮಾನ ಚಿಕ್ಕ ಸುತ್ತಿನಲ್ಲೇ ತಿರುಗುತ್ತದೆ. ಮಸ್ಟಾಂಗ್‌ನಂಥದ್ದು ವೇಗದ್ದು, ಎತ್ತರದಿಂದ ಎರಗಿ, ಹೊಡೆದು, ಹಾಗೆಯೇ ಮೇಲೇರಿ ಹೋಗಬೇಕು. ಹೊಸಬ ವೇಗದ ವಿಮಾನವನ್ನೇ ಆರಿಸಿ, ಅದನ್ನು ಗಾಣದೆತ್ತಿನಂತೆ ಸುತ್ತಿಸುತ್ತಾನೆ. ಪ್ರತಿ ತಿರುವಿನಲ್ಲೂ ವೇಗ ಸೋರಿಹೋಗುತ್ತದೆ, ನಿಧಾನವಾದವನು ಎದುರಾಳಿಯ ಗುಂಡಿಗೆ ಸಿಗುತ್ತಾನೆ. ಸೋತ ಸಿಟ್ಟಿಗೆ "ಇನ್ನೊಂದೇ ಆಟ". ನಿದ್ದೆಗೇಡಿನ ಬೇರು ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ನಿಜವಾದ ಪೈಲಟ್‌ಗೆ ಸಾಕು ಎಂದು ದೇಹವೇ ಹೇಳುತ್ತದೆ. ಬಿರುಸಾಗಿ ತಿರುಗುವಾಗ ಭೂಮಿಯ ಸೆಳೆತದ ಐದು ಪಟ್ಟು ಒತ್ತಡ ಬಿದ್ದರೆ 60 ಕಿಲೋ ತೂಕದವನಿಗೆ ತಾನು 300 ಕಿಲೋ ಆದಂತೆ ಅನುಭವ. ರಕ್ತ ಕಾಲಿನತ್ತ ಇಳಿಯುತ್ತದೆ, ಮೊದಲು ಕಣ್ಣು ಮಂಜಾಗುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಇದನ್ನು ತಾಳಿಕೊಳ್ಳಲೆಂದೇ ವಿಶೇಷ ಉಡುಪು, ಉಸಿರು ಬಿಗಿಹಿಡಿಯುವ ಕ್ರಮ ಇವೆ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತರಬೇತಿ ಕೊಡುತ್ತಾರೆ. ಆಟದಲ್ಲಾದರೋ ಪರದೆ ಎರಡು ಕ್ಷಣ ಕಪ್ಪಾಗುತ್ತದೆ, ಅಷ್ಟೆ. ಮಂಚದ ಮೇಲಿರುವ ದೇಹಕ್ಕೆ ದಣಿವಿನ ಸುಳಿವೇ ಸಿಗದು.

ಇನ್ನು ಆ 'ಗ್ಯಾಸ್ಟ್ರಿಕ್'. ವಿಮಾನ ಮಗುಚುತ್ತಿದೆ ಎಂದು ಕಣ್ಣು ಹೇಳುತ್ತದೆ, ಅಲುಗಾಡದೆ ಕೂತಿದ್ದೇನೆ ಎಂದು ಒಳಕಿವಿ ಹೇಳುತ್ತದೆ. ಈ ಎರಡು ಸಾಕ್ಷಿಗಳ ಜಗಳದಿಂದ ಹುಟ್ಟುವುದೇ ವಾಕರಿಕೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಆಗುವುದೂ ಇದೇ ಜಾತಿಯದು. ಇದಕ್ಕೆ ಆಸಿಡಿಟಿ ಮಾತ್ರೆ ನುಂಗಿಸಿ ಪ್ರಯೋಜನವಿಲ್ಲ.

ಪಾಲಕರು ಮೊಬೈಲ್ ಕಿತ್ತುಕೊಳ್ಳುವ ಮೊದಲು "ಯಾವ ವಿಮಾನ ಹಾರಿಸ್ತಿದ್ದೀಯಪ್ಪಾ?" ಎಂದು ಕೇಳಿ ನೋಡಲಿ. ವೈದ್ಯನ ಬಾಯಲ್ಲಿ ಇದು ವಿಚಿತ್ರ ಸಲಹೆ ಎನಿಸಬಹುದು. ಆದರೆ ಹೊಸಬ ಒಂದೆರಡು ತಿಂಗಳು ನಿಧಾನದ, ಚೆನ್ನಾಗಿ ತಿರುಗುವ ವಿಮಾನದಲ್ಲೇ ಇದ್ದು ಕಲಿತರೆ ಸೋಲು, ಸಿಟ್ಟು ಎರಡೂ ಕಡಿಮೆಯಾಗುತ್ತವೆ, ಎದ್ದು ಬರುವುದೂ ಸುಲಭವಾಗುತ್ತದೆ. ಒಂದು ಆಟ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದ್ದು. ಊಟಕ್ಕೆ ಮುಂಚೆ ಎರಡು ಆಟ ಎಂದು ಗೊತ್ತುಮಾಡಿ. ನಡುವೆ ಕೂಗಿ ಎಬ್ಬಿಸಬೇಡಿ, ಮುಗಿದ ಮೇಲೆ ಬಿಡಲೂಬೇಡಿ. ರಾತ್ರಿ ಮೊಬೈಲ್ ಹಜಾರದಲ್ಲಿ ಚಾರ್ಜಿಗಿರಲಿ, ತಂದೆಯದೂ ಸಹ. ಅಡಿಕೆ ಮಾರಿದ ದುಡ್ಡಿರುವ ಬ್ಯಾಂಕ್ ಖಾತೆ ಮಗ ಆಡುವ ಮೊಬೈಲಿಗೆ ಜೋಡಣೆಯಾಗಿರುವುದು ಬೇಡ. ಹಣದಾಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯ ಗುರಿ ಪಣದ ಆಟಗಳು. ಜೆಟ್ ಕೊಳ್ಳುವ ಖರ್ಚನ್ನು ಮನೆಯವರೇ ತಡೆಯಬೇಕು.

ಇಷ್ಟಕ್ಕೇ ಹುಡುಗನಿಗೆ ರೋಗದ ಹಣೆಪಟ್ಟಿ ಹಚ್ಚಬಾರದು. ಹಿಡಿತ ತಪ್ಪಿ, ಓದು, ಊಟ, ಗೆಳೆತನ ಎಲ್ಲವೂ ಆಟದ ಹಿಂದೆ ಸರಿದು, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇದ್ದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಅದನ್ನು ಕಾಯಿಲೆ ಎನ್ನುತ್ತದೆ. ಈ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅನುಮಾನವಿದ್ದವರು ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಫಿಟ್ಸ್ ಕಾಯಿಲೆಯ ಹುಡುಗರ ವಿಷಯ ಬೇರೆ. ಅವರಿಗೆ ನಿದ್ದೆಗೇಡು ಒಂದೇ ರಾತ್ರಿಯದಾದರೂ ಅಪಾಯ, ಕೆಲವರಿಗೆ ಮಿಣುಕುವ ಬೆಳಕೂ ಆಗದು. ಅಂಥವರು ಮಾತ್ರೆ ತಪ್ಪಿಸದೆ, ತಮ್ಮ ವೈದ್ಯರನ್ನು ಕೇಳಿಯೇ ಆಟಕ್ಕೆ ಕೂರಬೇಕು.